ಔಷಧದ ಹಿಡಿತ ಎಷ್ಟು ಬಿಗಿ? ಕೆಡಿ ಅಳೆಯಲು ಯಾವ ವಿಧಾನ ಆರಿಸಬೇಕು

ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುವವರು, ಪಿಎಚ್‌ಡಿ ಶುರು ಮಾಡಿದವರು, ಚಿಕ್ಕ ಕಂಪನಿಗಳಲ್ಲಿ ಹೊಸ ಔಷಧ ಹುಡುಕುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. ನಮ್ಮ ಅಣು ಪ್ರೋಟೀನಿಗೆ ಅಂಟುತ್ತಿರುವ ಹಾಗಿದೆ, ಕೆಡಿ (Kd, ಹಿಡಿತದ ಬಿಗಿ ಹೇಳುವ ಸಂಖ್ಯೆ) ಬೇಕು. ಐಟಿಸಿ ಮಾಡಲೋ, ಎಸ್‌ಪಿಆರ್ ಮಾಡಲೋ, ಎಂಎಸ್‌ಟಿ ಮಾಡಲೋ? ಇವು ಕೆಡಿ ಅಳೆಯುವ ಮೂರು ವಿಧಾನಗಳು, ಒಂದೊಂದರ ವಿವರ ಕೆಳಗಿದೆ.

ಹೆಚ್ಚಿನವರು ಹತ್ತಿರದಲ್ಲಿ ಯಾವ ಯಂತ್ರ ಇದೆಯೋ ಅದಕ್ಕೆ ಹೋಗುತ್ತಾರೆ. ಇದು ಸಹಜವೇ. ತೊಂದರೆ ಏನೆಂದರೆ, ಹೊಂದದ ಯಂತ್ರಕ್ಕೆ ಸ್ಯಾಂಪಲ್ ಹಾಕಿದರೂ ಅದು ಒಂದು ಸಂಖ್ಯೆ ಕೊಟ್ಟೇ ಕೊಡುತ್ತದೆ. ಗೆರೆಯೂ ಚೆನ್ನಾಗಿಯೇ ಕೂರುತ್ತದೆ. ಆ ಸಂಖ್ಯೆ ತಪ್ಪು ಅಂತ ಸಾಫ್ಟ್‌ವೇರ್ ಹೇಳುವುದಿಲ್ಲ. ಹಾಗಾಗಿ ಯಂತ್ರದ ಮಾತು ಆಮೇಲೆ, ಮೊದಲು ನಿಮ್ಮ ಅಣು ಮತ್ತು ಪ್ರೋಟೀನಿನ ಮಾತು.

ಕೆಡಿ ಅಂದರೆ ಪ್ರೋಟೀನಿನಲ್ಲಿ ಅರ್ಧದಷ್ಟು ಜಾಗ ತುಂಬಿಕೊಳ್ಳಲು ಬೇಕಾದ ಬಿಡಿ ಔಷಧದ ಸಾಂದ್ರತೆ. ಸಂಖ್ಯೆ ಚಿಕ್ಕದಾದಷ್ಟೂ ಹಿಡಿತ ಬಿಗಿ. ಉದಾಹರಣೆಗೆ ಒಂದೇ ಜೋಡಿಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ: ಅಸೆಟಜೋಲಮೈಡ್ ಎಂಬ ಔಷಧ ಮತ್ತು ಕಾರ್ಬಾನಿಕ್ ಆನ್‌ಹೈಡ್ರೇಸ್ 2 ಎಂಬ ಪ್ರೋಟೀನ್. ಅಸೆಟಜೋಲಮೈಡ್ ಗ್ಲಾಕೋಮಾಕ್ಕೆ ಕೊಡುವ ಹಳೆಯ ಮಾತ್ರೆ. ಎತ್ತರದ ಬೆಟ್ಟಗಳಿಗೆ ಹೋಗುವವರು ತೆಗೆದುಕೊಳ್ಳುವ ಡಯಾಮಾಕ್ಸ್ ಅದೇ. ಅಣುತೂಕ 222. ಪ್ರೋಟೀನಿನದು ಸುಮಾರು 29,000. ಕೆಡಿ ಹತ್ತಾರು ನ್ಯಾನೊಮೋಲಾರ್ (ಸಾಂದ್ರತೆಯ ಅಳತೆ; ಮೈಕ್ರೊಮೋಲಾರ್ ಇದರ ಸಾವಿರ ಪಟ್ಟು, ಪಿಕೊಮೋಲಾರ್ ಇದರ ಸಾವಿರದಲ್ಲಿ ಒಂದು ಪಾಲು). ಪ್ರೋಟೀನ್ ಅಗ್ಗವಾಗಿ ಸಿಗುತ್ತದೆ, ಗಟ್ಟಿಮುಟ್ಟಾಗಿದೆ. ಅದಕ್ಕೇ ಈ ಪ್ರೋಟೀನನ್ನು ಇಂಥ ಯಂತ್ರಗಳ ಪರೀಕ್ಷೆಗೆ ಎಲ್ಲ ಕಡೆ ಬಳಸುತ್ತಾರೆ.

ಮೊದಲು ತೂಗಿ ನೋಡಬೇಕಾದ್ದು

ಆ ಸಂಖ್ಯೆಯಿಂದ ನೀವು ಏನು ಮಾಡುತ್ತೀರಿ? 500 ಅಣುಗಳಲ್ಲಿ ಅಂಟುವುದನ್ನೂ ಅಂಟದ್ದನ್ನೂ ಬೇರ್ಪಡಿಸಬೇಕಾ? ಹತ್ತು ಅಣುಗಳನ್ನು ಬಿಗಿಯ ಪ್ರಕಾರ ಸಾಲಾಗಿ ನಿಲ್ಲಿಸಬೇಕಾ? ಒಂದೇ ಅಣುವಿನ ನಿಜವಾದ ಕೆಡಿಯನ್ನು ಪ್ರಬಂಧದಲ್ಲಿ ಬರೆಯಬೇಕಾ? ಅಥವಾ ಎಷ್ಟು ಹೊತ್ತು ಅಂಟಿಕೊಂಡಿರುತ್ತದೆ ಅನ್ನೋದು ಮುಖ್ಯವಾ? ಇವು ಬೇರೆ ಬೇರೆ ಕೆಲಸಗಳು.

ಕೊನೆಯದನ್ನು ಜನ ಜಾಸ್ತಿ ಮರೆಯುತ್ತಾರೆ. ಇನ್‌ಹೇಲರ್‌ನಲ್ಲಿ ಬರುವ ಇಪ್ರಾಟ್ರೋಪಿಯಂ ಮತ್ತು ಟಯೋಟ್ರೋಪಿಯಂ ಎರಡೂ ಶ್ವಾಸನಾಳದ ಒಂದೇ ಮಸ್ಕರಿನಿಕ್ ರಿಸೆಪ್ಟರ್‌ಗೆ (ಜೀವಕೋಶದ ಪೊರೆಯಲ್ಲಿ ಕೂತು ಸಂದೇಶ ಹಿಡಿಯುವ ಪ್ರೋಟೀನ್) ಅಂಟುತ್ತವೆ. ಮೊದಲನೆಯದು ಬೇಗ ಬಿಟ್ಟುಬಿಡುತ್ತದೆ, ದಿನಕ್ಕೆ ಹಲವು ಸಲ ಎಳೆದುಕೊಳ್ಳಬೇಕು. ಎರಡನೆಯದು ಗಂಟೆಗಟ್ಟಲೆ ಬಿಡುವುದಿಲ್ಲ, ದಿನಕ್ಕೆ ಒಂದು ಸಲ ಸಾಕು. ಕೆಡಿ ಅನ್ನೋದು ಬಿಡುವ ವೇಗವನ್ನು ಸೇರುವ ವೇಗದಿಂದ ಭಾಗಿಸಿದಾಗ ಬರುವುದು. ಒಂದೇ ಕೆಡಿ ಇರುವ ಎರಡು ಅಣುಗಳಲ್ಲಿ ಒಂದು ಸೆಕೆಂಡಿನಲ್ಲಿ ಬಿಡಬಹುದು, ಇನ್ನೊಂದು ಅರ್ಧ ದಿನ ಕೂರಬಹುದು. ಬರೀ ಕೆಡಿ ನೋಡಿದರೆ ಈ ವ್ಯತ್ಯಾಸ ಕಾಣುವುದಿಲ್ಲ.

ಆಮೇಲೆ, ಹಿಡಿತ ಎಷ್ಟು ಬಿಗಿ ಇರಬಹುದು ಅಂತ ಒಂದು ಅಂದಾಜು ಬೇಕು. ಅಳೆಯೋಕೆ ಮೊದಲೇ ಉತ್ತರ ಹೇಗೆ ಗೊತ್ತಿರುತ್ತದೆ ಅಂತೀರಾ? ಸರಿಯಾಗಿ ಗೊತ್ತಿರಬೇಕಿಲ್ಲ, ಹತ್ತು ಪಟ್ಟು ಆಚೀಚೆ ಆದರೂ ಪರವಾಗಿಲ್ಲ. ಯಾಕೆ ಬೇಕೆಂದರೆ, ಟ್ಯೂಬಿನಲ್ಲಿ ಇಟ್ಟ ಪ್ರೋಟೀನಿನ ಸಾಂದ್ರತೆ ಕೆಡಿಗಿಂತ ತುಂಬಾ ಜಾಸ್ತಿ ಇದ್ದರೆ, ನೀವು ಹಾಕಿದ ಔಷಧವೆಲ್ಲ ಪ್ರೋಟೀನಿಗೆ ಹೋಗಿ ಕೂರುತ್ತದೆ. ಬಿಡಿಯಾಗಿ ಏನೂ ಉಳಿಯುವುದಿಲ್ಲ. ಆಗ ನೀವು ಅಳೆಯುತ್ತಿರುವುದು ಪ್ರೋಟೀನ್ ಎಷ್ಟಿದೆ ಅನ್ನೋದನ್ನು, ಹಿಡಿತವನ್ನಲ್ಲ. ಅಕ್ಕಿ ಮೂಟೆ ತೂಗುವ ಕಾಟಾದಲ್ಲಿ ಸಾಸಿವೆ ತೂಗಿದ ಹಾಗೆ. 100 ನ್ಯಾನೊಮೋಲಾರ್ ಪ್ರೋಟೀನ್ ಇಟ್ಟುಕೊಂಡು ಮಾಡಿದ ಪ್ರಯೋಗದಲ್ಲಿ 0.5 ನ್ಯಾನೊಮೋಲಾರ್ ಕೆಡಿಯ ಔಷಧವೂ 5 ನ್ಯಾನೊಮೋಲಾರ್ ಕೆಡಿಯ ಔಷಧವೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ.

ಇನ್ನು ಸಮಯ. ಸೇರುವ ವೇಗ ಪ್ರತಿ ಮೋಲಾರ್‌ಗೆ ಸೆಕೆಂಡಿಗೆ 10 ಲಕ್ಷ ಅಂತ ಇಟ್ಟುಕೊಳ್ಳಿ. ಕೆಡಿ 1 ನ್ಯಾನೊಮೋಲಾರ್ ಆದರೆ, ಬಿಟ್ಟುಹೋಗುವ ಅರ್ಧಾಯುಷ್ಯ ಸುಮಾರು 11.5 ನಿಮಿಷ. ಸಮತೋಲನಕ್ಕೆ, ಅಂದರೆ ಸೇರುವುದೂ ಬಿಡುವುದೂ ಸಮ ಆಗುವುದಕ್ಕೆ, ಐದು ಅರ್ಧಾಯುಷ್ಯ ಕಾಯಬೇಕು, ಅಂದರೆ ಹತ್ತಿರ ಹತ್ತಿರ ಒಂದು ಗಂಟೆ. ಅದೇ 10 ಪಿಕೊಮೋಲಾರ್ ಆದರೆ? ಅರ್ಧಾಯುಷ್ಯವೇ 19 ಗಂಟೆ. ಕಾಯಬೇಕಾದ್ದು 4 ದಿನ! ಎಲ್ಲಕ್ಕೂ 30 ನಿಮಿಷ ಇಂಕ್ಯುಬೇಟ್ ಮಾಡಿ ಓದುವ ಅಭ್ಯಾಸ ಇದ್ದರೆ, ಬಿಗಿಯಾದ ಅಣುಗಳು ನಿಮಗೆ ಸಡಿಲವಾಗಿಯೇ ಕಾಣುತ್ತವೆ. 2020ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್‌ನ ಒಂದು ಗುಂಪು 100 ಪ್ರಬಂಧಗಳನ್ನು ತೆಗೆದು ನೋಡಿತ್ತು. ಸಮತೋಲನ ಮುಟ್ಟಿದೆಯಾ ಅಂತ ಸಮಯ ಬದಲಿಸಿ ಪರೀಕ್ಷಿಸಿದ್ದನ್ನು ಬಹುಪಾಲು ಪ್ರಬಂಧಗಳು ಹೇಳಿರಲೇ ಇಲ್ಲ. ಹೊಸಬರು ಮಾತ್ರ ಎಡವುವ ಜಾಗ ಇದಲ್ಲ.

ಉಳಿದವು ಸರಳ. ಪ್ರೋಟೀನ್ ಎಷ್ಟಿದೆ, ಮಿಲಿಗ್ರಾಮಾ ಮೈಕ್ರೊಗ್ರಾಮಾ? ಅದು ನೀರಿನಲ್ಲಿ ಕರಗುವುದಾ, ಪೊರೆಯಲ್ಲಿ ಕೂರುವುದಾ? ಔಷಧ ಎಷ್ಟು ಕರಗುತ್ತದೆ, ಅದನ್ನು ಕರಗಿಸಲು ಡಿಎಂಎಸ್‌ಒ ಎಂಬ ದ್ರಾವಕ ಎಷ್ಟು ಬೇಕು? ಬಣ್ಣದ ಲೇಬಲ್ ಹಾಕಬಹುದಾ? ಮತ್ತೆ ದುಡ್ಡು.

ಐಟಿಸಿ: ಶಾಖವನ್ನೇ ಅಳೆಯುವುದು

ಯಂತ್ರದ ಕೋಶದಲ್ಲಿ (ಒಂದು ಪುಟ್ಟ ಪಾತ್ರೆ) ಪ್ರೋಟೀನ್, ಸಿರಿಂಜಿನಲ್ಲಿ ಔಷಧ. ಸ್ವಲ್ಪ ಸ್ವಲ್ಪವೇ ಔಷಧ ಹಾಕುತ್ತಾ, ಪ್ರತಿ ಸಲವೂ ಹೊರಬರುವ ಅಥವಾ ಒಳಗೆ ಹೋಗುವ ಶಾಖವನ್ನು ಯಂತ್ರ ಅಳೆಯುತ್ತದೆ. ಲೇಬಲ್ ಬೇಡ, ಯಾವುದನ್ನೂ ಯಾವ ಮೇಲ್ಮೈಗೂ ಅಂಟಿಸಬೇಕಿಲ್ಲ. ಒಂದೇ ಪ್ರಯೋಗದಲ್ಲಿ ಕೆಡಿ, ಎಂಥಾಲ್ಪಿ (ಅಂಟುವಾಗ ಬರುವ ಅಥವಾ ಹೋಗುವ ಶಾಖ), ಒಂದು ಪ್ರೋಟೀನಿಗೆ ಎಷ್ಟು ಅಣು ಅಂಟುತ್ತವೆ ಅನ್ನುವ ಲೆಕ್ಕ, ಮೂರೂ ಬರುತ್ತವೆ. ಪ್ರಬಂಧದಲ್ಲಿ ಒಂದೇ ಒಂದು ವಿಧಾನ ತೋರಿಸಲು ಅವಕಾಶ ಇದ್ದರೆ ನಾನು ಇದನ್ನೇ ಆರಿಸುತ್ತೇನೆ. ಕಾರಣ ಆ ಮೂರನೆಯ ಸಂಖ್ಯೆ. ಒಂದು ಬರಬೇಕಾದ ಕಡೆ 0.4 ಬಂದರೆ, ನಿಮ್ಮ ಪ್ರೋಟೀನಿನಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತಿದೆ, ಇಲ್ಲವೇ ಸಾಂದ್ರತೆಯ ಲೆಕ್ಕ ತಪ್ಪಿದೆ. ಇಷ್ಟು ನೇರವಾಗಿ ಇದನ್ನು ತೋರಿಸುವ ವಿಧಾನ ಕಡಿಮೆ.

ಇಲ್ಲಿ ನೆನಪಿಡಬೇಕಾದ್ದು ಸಿ ಸಂಖ್ಯೆ. ಕೋಶದಲ್ಲಿರುವ ಪ್ರೋಟೀನಿನ ಸಾಂದ್ರತೆಯನ್ನು ಕೆಡಿಯಿಂದ ಭಾಗಿಸಿ. 10ರಿಂದ 100 ಬಂದರೆ ಒಳ್ಳೆಯದು, 1ರಿಂದ 1000ದವರೆಗೆ ಹೇಗೋ ನಡೆಯುತ್ತದೆ. ನಮ್ಮ ಅಸೆಟಜೋಲಮೈಡ್‌ಗೆ ಕೆಡಿ 20 ನ್ಯಾನೊಮೋಲಾರ್ ಅಂತ ಹಿಡಿದು, 10 ಮೈಕ್ರೊಮೋಲಾರ್ ಪ್ರೋಟೀನ್ ಹಾಕಿದರೆ ಸಿ 500 ಆಗುತ್ತದೆ. ಗ್ರಾಫ್ ಮೆಟ್ಟಿಲಿನ ಥರ ಕಡಿದಾಗಿ ಇಳಿಯುತ್ತದೆ. ಎಂಥಾಲ್ಪಿ ಚೆನ್ನಾಗಿ ಬರುತ್ತದೆ, ಕೆಡಿ ಮಾತ್ರ ಅಲುಗಾಡುತ್ತದೆ. 2 ಮೈಕ್ರೊಮೋಲಾರ್‌ಗೆ ಇಳಿಸಿದರೆ ಸಿ 100, ಆದರೆ ಶಾಖವೂ ಐದರಲ್ಲಿ ಒಂದು ಪಾಲಾಗುತ್ತದೆ. ಈ ಎಳೆದಾಟದಿಂದಲೇ ಐಟಿಸಿ ನೇರವಾಗಿ ನ್ಯಾನೊಮೋಲಾರ್‌ಗಿಂತ ಬಿಗಿಯಾದದ್ದನ್ನು ಅಳೆಯಲು ಒದ್ದಾಡುತ್ತದೆ. ಅಂಥ ಕಡೆ ಮೊದಲು ಒಂದು ಸಡಿಲ ಅಣುವನ್ನು ಕೂರಿಸಿ, ಬಿಗಿಯಾದದ್ದರಿಂದ ಅದನ್ನು ಹೊರದಬ್ಬಿಸಿ ಲೆಕ್ಕ ಹಾಕುತ್ತಾರೆ.

ಪ್ರೋಟೀನ್ ಎಷ್ಟು ಬೇಕು? 200 ಮೈಕ್ರೊಲೀಟರ್ ಕೋಶದ ಯಂತ್ರಕ್ಕೆ ತುಂಬಿಸಲು 280 ಮೈಕ್ರೊಲೀಟರ್ ಬೇಕು ಅಂದುಕೊಳ್ಳಿ. 10 ಮೈಕ್ರೊಮೋಲಾರ್‌ನಲ್ಲಿ 29,000 ತೂಕದ ಪ್ರೋಟೀನಿಗೆ ಅದು ಸುಮಾರು 80 ಮೈಕ್ರೊಗ್ರಾಂ. ಮೂರು ಸಲ ಮಾಡಿದರೆ ಕಾಲು ಮಿಲಿಗ್ರಾಂ ಆಯ್ತು. 1.4 ಮಿಲಿಲೀಟರ್ ಕೋಶದ ಹಳೆಯ ಯಂತ್ರವಾದರೆ ಒಂದು ಸಲಕ್ಕೇ ಅರ್ಧ ಮಿಲಿಗ್ರಾಂ ದಾಟುತ್ತದೆ. ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಧಾರಾಳವಾಗಿ ಬರುವ ಪ್ರೋಟೀನಿಗೆ ಇದು ಏನೂ ಅಲ್ಲ. ಕೀಟಕೋಶದಲ್ಲಿ ಕಷ್ಟಪಟ್ಟು ಮಾಡಿದ ಕೈನೇಸ್ ಥರದ ಎನ್‌ಜೈಮ್‌ಗೆ ತುಂಬಾ ದೊಡ್ಡ ಖರ್ಚು.

ಬಫರ್ (ಪಿಎಚ್ ಬದಲಾಗದಂತೆ ಇಡುವ ದ್ರಾವಣ) ವಿಷಯದಲ್ಲಿ ಐಟಿಸಿ ಯಾವ ಸಡಿಲಿಕೆಯನ್ನೂ ಕೊಡುವುದಿಲ್ಲ. ಕೋಶದಲ್ಲಿ ಶೇ. 2 ಡಿಎಂಎಸ್‌ಒ, ಸಿರಿಂಜಿನಲ್ಲಿ ಶೇ. 2.5 ಇದ್ದರೆ, ಡಿಎಂಎಸ್‌ಒ ಬೆರೆಯುವ ಶಾಖವೇ ನಿಮ್ಮ ಸಿಗ್ನಲನ್ನು ನುಂಗಿಬಿಡುತ್ತದೆ. ಪ್ರೋಟೀನನ್ನು ಡಯಾಲಿಸಿಸ್ ಮಾಡಿದ ಅದೇ ಬಫರಿನಲ್ಲಿ ಔಷಧ ಕರಗಿಸಿ. ಪ್ರೋಟೀನ್ ಆಕ್ಸಿಡೀಕರಣ ಆಗದಂತೆ ಹಾಕುವ ರಾಸಾಯನಿಕಗಳಲ್ಲಿ ಡಿಟಿಟಿ ಬೇಡ, ಬೇಸ್‌ಲೈನ್ ತೇಲುತ್ತದೆ, ಟಿಸೆಪ್ ಹಾಕಿ. ಇನ್ನೊಂದು ಸೂಕ್ಷ್ಮ ಇದೆ. ಅಸೆಟಜೋಲಮೈಡ್ ತನ್ನ ಒಂದು ಪ್ರೋಟಾನ್ ಕಳೆದುಕೊಂಡು ಅಂಟುತ್ತದೆ. ಹಾಗಾಗಿ ಅಳತೆಯಲ್ಲಿ ಬಫರಿನ ಶಾಖವೂ ಸೇರಿಕೊಳ್ಳುತ್ತದೆ. ಟ್ರಿಸ್ ಬಫರಿಗೆ ಪ್ರೋಟಾನ್ ಶಾಖ ಮೋಲ್‌ಗೆ ಸುಮಾರು 47 ಕಿಲೋಜೌಲ್, ಫಾಸ್ಫೇಟಿಗೆ ನಾಲ್ಕರ ಆಸುಪಾಸು. ಒಂದೇ ಜೋಡಿಗೆ ಎರಡು ಬಫರಿನಲ್ಲಿ ಎರಡು ಎಂಥಾಲ್ಪಿ ಬಂದರೆ ಗಾಬರಿ ಬೇಡ, ಕಾರಣ ಇದೇ ಇರಬಹುದು.

ದಿನಕ್ಕೆ ಕೆಲವೇ ಸ್ಯಾಂಪಲ್ ಆಗುತ್ತವೆ. ನೂರಾರು ಅಣು ಇಟ್ಟುಕೊಂಡು ಐಟಿಸಿ ಮುಂದೆ ಕೂರಬೇಡಿ.

ಎಸ್‌ಪಿಆರ್: ಸೇರುವುದನ್ನೂ ಬಿಡುವುದನ್ನೂ ನೋಡುವುದು

ಒಂದು ಚಿಪ್‌ನ ಚಿನ್ನದ ತೆಳು ಪದರದ ಮೇಲೆ ಪ್ರೋಟೀನನ್ನು ಕೂರಿಸಿ, ಅದರ ಮೇಲೆ ಔಷಧದ ದ್ರಾವಣ ಹರಿಸುತ್ತಾರೆ. ಅಣುಗಳು ಅಂಟಿದಂತೆ ಮೇಲ್ಮೈಯ ಬೆಳಕಿನ ಗುಣ ಬದಲಾಗುತ್ತದೆ. ಗ್ರಾಫ್ ಏರುವುದು ಸೇರುವ ವೇಗ, ಬರೀ ಬಫರ್ ಹರಿಸಿದಾಗ ಇಳಿಯುವುದು ಬಿಡುವ ವೇಗ. ಸ್ವೀಡನ್ನಿನ ಬಯಾಕೋರ್ ಯಂತ್ರ 1990ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಇದು ಔಷಧ ಕಂಪನಿಗಳಲ್ಲಿ ಮನೆಮಾತಾಯಿತು.

ಟಯೋಟ್ರೋಪಿಯಂ ಥರದ ಪ್ರಶ್ನೆ ನಿಮ್ಮದಾದರೆ, ಅಂದರೆ ಎಷ್ಟು ಹೊತ್ತು ಕೂರುತ್ತದೆ ಅನ್ನೋದು ಬೇಕಾದರೆ, ಮತ್ತು ಪ್ರೋಟೀನ್ ಚಿಪ್ಪಿನ ಮೇಲೆ ಕೆಡದೆ ನಿಲ್ಲುವಂಥದ್ದಾದರೆ, ಬೇರೆ ಯೋಚನೆ ಬೇಡ, ಎಸ್‌ಪಿಆರ್‌ಗೆ ಹೋಗಿ. ಪ್ರೋಟೀನ್ ಕೆಲವೇ ಮೈಕ್ರೊಗ್ರಾಂ ಸಾಕು. ಒಂದು ಸಲ ಚಿಪ್ ತಯಾರಾದರೆ ರಾತ್ರಿಯಿಡೀ ಯಂತ್ರ ತಾನೇ ಹತ್ತಾರು ಅಣುಗಳನ್ನು ಓಡಿಸುತ್ತದೆ.

ಆದರೆ ಚಿಕ್ಕ ಅಣುಗಳಿಗೆ ಸಿಗ್ನಲ್ ಎಷ್ಟು ಚಿಕ್ಕದು ನೋಡಿ. ಚಿಪ್ಪಿನ ಮೇಲೆ 3000 ಯೂನಿಟ್ (ಎಸ್‌ಪಿಆರ್ ಸಿಗ್ನಲಿನ ಅಳತೆ) ಕಾರ್ಬಾನಿಕ್ ಆನ್‌ಹೈಡ್ರೇಸ್ ಕೂರಿಸಿದ್ದೀರಿ. ಅಸೆಟಜೋಲಮೈಡ್ ತೂಕ ಅದರ ನೂರಮೂವತ್ತರಲ್ಲಿ ಒಂದು ಪಾಲು. ಪ್ರತಿ ಪ್ರೋಟೀನೂ ಬದುಕಿದ್ದು, ಪ್ರತಿಯೊಂದಕ್ಕೂ ಔಷಧ ಅಂಟಿದರೆ, ಬರುವ ಗರಿಷ್ಠ ಸಿಗ್ನಲ್ 23 ಯೂನಿಟ್. ಒಳ್ಳೆಯ ಯಂತ್ರಕ್ಕೆ ಇದು ಸಾಕು. ಆದರೆ ಡಿಎಂಎಸ್‌ಒ ಒಂದಿಷ್ಟು ಹೆಚ್ಚುಕಡಿಮೆ ಆದರೂ ನೂರಾರು ಯೂನಿಟ್ ಜಿಗಿಯುತ್ತದೆ. ಅದಕ್ಕೇ ಡಿಎಂಎಸ್‌ಒ ತಿದ್ದುಪಡಿ ಮತ್ತು ಹೋಲಿಕೆಗೆ ಪ್ರೋಟೀನ್ ಕೂರಿಸದ ಖಾಲಿ ಚಾನೆಲ್ ಇಲ್ಲದ ಎಸ್‌ಪಿಆರ್ ಡೇಟಾವನ್ನು ನಾನು ನಂಬುವುದಿಲ್ಲ. ಗರಿಷ್ಠ 23 ಬರಬೇಕಾದ ಕಡೆ 90 ಬಂದರೆ ಖುಷಿಪಡಬೇಡಿ. ಅಣುಗಳು ಗುಂಪುಗೂಡಿ ಸುಮ್ನೆ ಮೇಲ್ಮೈಗೆ ಮೆತ್ತಿಕೊಳ್ಳುತ್ತಿವೆ.

ಇನ್ನೊಂದು ಮಿತಿ, ತುಂಬಾ ನಿಧಾನವಾಗಿ ಬಿಡುವ ಅಣುಗಳು. ಬಿಡುವ ವೇಗ ನಂಬಬೇಕಾದರೆ ಕನಿಷ್ಠ ಶೇ. 5ರಷ್ಟಾದರೂ ಇಳಿಕೆ ಕಣ್ಣಿಗೆ ಕಾಣಬೇಕು. ವೇಗ ಸೆಕೆಂಡಿಗೆ ಲಕ್ಷದಲ್ಲಿ ಒಂದು ಪಾಲಾದರೆ ಅಷ್ಟು ಇಳಿಯಲು 85 ನಿಮಿಷ ಬೇಕು. ಹತ್ತು ನಿಮಿಷ ನೋಡಿ ಬರೆದ ಪಿಕೊಮೋಲಾರ್ ಕೆಡಿಗಳನ್ನು ಅನುಮಾನದಿಂದ ನೋಡಿ.

ಖರ್ಚು ಜಾಸ್ತಿ. ಯಂತ್ರವಷ್ಟೇ ಅಲ್ಲ, ಚಿಪ್ಪೂ ದುಬಾರಿ. ಒಂದು ಪ್ರೋಟೀನನ್ನು ಸರಿಯಾಗಿ ಕೂರಿಸುವ ವಿಧಾನ ಹುಡುಕುವುದರಲ್ಲೇ ಒಂದೆರಡು ಚಿಪ್ ಹೋಗುತ್ತವೆ. ಅಮೈನ್ ವಿಧಾನದಲ್ಲಿ, ಅಂದರೆ ಪ್ರೋಟೀನಿನ ಲೈಸಿನ್ ಎಂಬ ಅಮೈನೊ ಆಮ್ಲಗಳ ಮೂಲಕ, ಅಂಟಿಸುವಾಗ ಔಷಧ ಕೂರುವ ಜಾಗದ ಲೈಸಿನ್ನೇ ಸಿಕ್ಕಿಹಾಕಿಕೊಂಡರೆ ಎಲ್ಲ ವ್ಯರ್ಥ. ಪ್ರೋಟೀನಿಗೆ ಸೇರಿಸಿದ ಬಯೋಟಿನ್ ಅಥವಾ ಹಿಸ್ಟಿಡಿನ್ ಟ್ಯಾಗ್ ಇದ್ದರೆ ಅದನ್ನೇ ಬಳಸಿ.

ಇದರ ಸೋದರಸಂಬಂಧಿ ಬಿಎಲ್‌ಐ. ಇಲ್ಲಿ ಹರಿವು ಇಲ್ಲ, ಗಾಜಿನ ತುದಿಯನ್ನು ಪ್ಲೇಟಿನ ಬಾವಿಗಳಲ್ಲಿ ಅದ್ದಿ ಅದ್ದಿ ಓದುವುದು. ಕೊಳವೆ ಕಟ್ಟಿಕೊಳ್ಳುವ ಭಯ ಇಲ್ಲ. ಪೂರ್ತಿ ಶುದ್ಧ ಮಾಡದ ಸ್ಯಾಂಪಲನ್ನೂ ಹಾಕಬಹುದು. ಆಂಟಿಬಾಡಿ ಕೆಲಸಕ್ಕೆ ಬಹಳ ಒಳ್ಳೆಯದು, ಕಲಿಯುವುದೂ ಸುಲಭ. 300-400 ತೂಕದ ಔಷಧಕ್ಕೆ ಮಾತ್ರ ನಾನು ಇದನ್ನು ಮೊದಲ ಆಯ್ಕೆ ಅಂತ ಹೇಳಲಾರೆ. ಸಿಗ್ನಲ್ ಸಾಲುವುದಿಲ್ಲ.

ಎಂಎಸ್‌ಟಿ: ಪ್ರೋಟೀನ್ ಬೆರಳೆಣಿಕೆಯಷ್ಟು ಇದ್ದಾಗ

ಸಣ್ಣ ಗಾಜಿನ ಕೊಳವೆಗಳಲ್ಲಿ ಬಣ್ಣ ಹಾಕಿದ ಪ್ರೋಟೀನ್ ಮತ್ತು ಔಷಧ. ಇನ್‌ಫ್ರಾರೆಡ್ ಲೇಸರ್‌ನಿಂದ ಒಂದು ಚುಕ್ಕೆ ಜಾಗ ಬೆಚ್ಚಗಾಗುತ್ತದೆ, ಅಲ್ಲಿ ಫ್ಲೋರೆಸೆನ್ಸ್ (ಬಣ್ಣದ ಹೊಳಪು) ಬದಲಾಗುವ ರೀತಿಯಿಂದ ಎಷ್ಟು ಪ್ರೋಟೀನಿಗೆ ಔಷಧ ಅಂಟಿದೆ ಅಂತ ತಿಳಿಯುತ್ತದೆ. ಒಂದು ಕೆಡಿಗೆ 16 ಕೊಳವೆ, ಪ್ರೋಟೀನ್ ಕೆಲವು ನ್ಯಾನೊಮೋಲಾರ್ ಇದ್ದರೆ ಸಾಕು. ಲೇಬಲ್ ಹಾಕುವ ಹಂತದ ಖರ್ಚು ಬಿಟ್ಟರೆ, ಒಂದು ಓಟಕ್ಕೆ ಒಂದು ಮೈಕ್ರೊಗ್ರಾಂ ಕೂಡ ಬೇಡ. ಒಂದು ಗಂಟೆಯೊಳಗೆ ಉತ್ತರ.

ಇಷ್ಟು ಸುಲಭ ಆದ್ದರಿಂದಲೇ ಎಚ್ಚರ ಬೇಕು. ಬಣ್ಣವೇ ಬೈಂಡಿಂಗನ್ನು ಕೆಡಿಸಬಹುದು, ಔಷಧವೇ ಬಣ್ಣದ ಬೆಳಕನ್ನು ನುಂಗಬಹುದು, ಪ್ರೋಟೀನ್ ಗಂಟುಕಟ್ಟಬಹುದು. ಕಚ್ಚಾ ಗೆರೆಗಳನ್ನು ತೆರೆದು ನೋಡಿ, ಅಂಕುಡೊಂಕಾಗಿದ್ದರೆ ಗಂಟು ಇದೆ ಅಂತ ಅರ್ಥ. ಅಂಟದ ಒಂದು ಅಣು, ಅಥವಾ ಬೈಂಡಿಂಗ್ ಜಾಗ ಕೆಡಿಸಿದ ಮ್ಯೂಟೆಂಟ್ ಪ್ರೋಟೀನ್ ಜೊತೆಗಿಟ್ಟು ಮಾಡಿ. ಬಿಡುವ ವೇಗ ಇಲ್ಲಿ ಸಿಗುವುದಿಲ್ಲ.

ಎಫ್‌ಪಿ ಮತ್ತು ಥರ್ಮಲ್ ಶಿಫ್ಟ್: ಕಡಿಮೆ ದುಡ್ಡು, ಜಾಸ್ತಿ ಅಣು

ಎಫ್‌ಪಿ, ಅಂದರೆ ಫ್ಲೋರೆಸೆನ್ಸ್ ಪೋಲರೈಸೇಷನ್. ಚಿಕ್ಕ ಬಣ್ಣದ ಅಣು ದ್ರಾವಣದಲ್ಲಿ ಗಿರಗಿರನೆ ತಿರುಗುತ್ತದೆ, ದೊಡ್ಡ ಪ್ರೋಟೀನಿಗೆ ಅಂಟಿದಾಗ ನಿಧಾನ ಆಗುತ್ತದೆ. ಮೊದಲು ಒಂದು ಟ್ರೇಸರ್ (ಪ್ರೋಟೀನಿಗೆ ಅಂಟುವ ಬಣ್ಣದ ಅಣು) ಮಾಡಿಕೊಂಡು, ನಿಮ್ಮ ಅಣುಗಳು ಅದನ್ನು ಎಷ್ಟು ಹೊರದಬ್ಬುತ್ತವೆ ಅಂತ ನೋಡಬೇಕು. ಪೋಲರೈಸೇಷನ್ ಓದುವ ಪ್ಲೇಟ್ ರೀಡರ್ ಇದ್ದರೆ ಸಾಕು. 384 ಬಾವಿಯ ಪ್ಲೇಟಿನಲ್ಲಿ ಸಾವಿರಾರು ಅಣು ನೋಡಬಹುದು.

ಇದರಲ್ಲಿ ಮೊದಲು ಸಿಗುವುದು ಐಸಿ50 (ಟ್ರೇಸರ್‌ನಲ್ಲಿ ಅರ್ಧದಷ್ಟನ್ನು ಹೊರದಬ್ಬಲು ಬೇಕಾದ ಸಾಂದ್ರತೆ), ಕೆಡಿ ಅಲ್ಲ. ಟ್ರೇಸರ್ ಮತ್ತು ಪ್ರೋಟೀನ್ ಸಾಂದ್ರತೆ ಬದಲಿಸಿದರೆ ಐಸಿ50 ಕೂಡ ಬದಲಾಗುತ್ತದೆ. ಎರಡು ಪ್ರಬಂಧಗಳ ಐಸಿ50 ಪಕ್ಕಪಕ್ಕ ಇಟ್ಟು ಯಾವುದು ಬಿಗಿ ಅಂತ ತೀರ್ಮಾನ ಮಾಡುವವರನ್ನು ನೋಡಿದರೆ ನನಗೆ ನಿಜಕ್ಕೂ ಬೇಸರ ಆಗುತ್ತದೆ. ಎನ್‌ಜೈಮ್ ಪ್ರಯೋಗಗಳಿಗಾಗಿ ಚೆಂಗ್ ಮತ್ತು ಪ್ರುಸಾಫ್ 1973ರಲ್ಲಿ ಕೊಟ್ಟ ಸಮೀಕರಣ ಇದೆ. ಎಫ್‌ಪಿಯಲ್ಲಿ ಪ್ರೋಟೀನ್ ಜಾಸ್ತಿ ಇದ್ದಾಗ ಅದು ಸರಿಹೋಗುವುದಿಲ್ಲ, ಅದಕ್ಕೇ ಹೊಂದಿಸಿದ ಸಮೀಕರಣ ಬಳಸಬೇಕು. ಜೊತೆಗೆ, ನಿಮ್ಮ ಅಣು ಟ್ರೇಸರ್‌ಗಿಂತ ತುಂಬಾ ಬಿಗಿಯಾಗಿದ್ದರೆ ಎಫ್‌ಪಿ ಅದರ ಬಿಗಿಯನ್ನು ಗುರುತಿಸಲಾರದು. ಹಾಗಾಗಿ ಟ್ರೇಸರ್ ಆದಷ್ಟೂ ಬಿಗಿಯಾಗಿರಲಿ.

ಥರ್ಮಲ್ ಶಿಫ್ಟ್ ಇನ್ನೂ ಅಗ್ಗ. ಡಿಎನ್‌ಎ ಅಳೆಯುವ ಕ್ಯೂಪಿಸಿಆರ್ ಯಂತ್ರ, ಬಿಚ್ಚಿಕೊಂಡ ಪ್ರೋಟೀನಿಗೆ ಅಂಟಿ ಹೊಳೆಯುವ ಸೈಪ್ರೋ ಆರೆಂಜ್ ಬಣ್ಣ, ಅಷ್ಟೇ. ಪ್ರೋಟೀನ್ ಬಿಸಿಗೆ ಬಿಚ್ಚಿಕೊಳ್ಳುವ ತಾಪಮಾನ ಔಷಧ ಹಾಕಿದಾಗ ಎಷ್ಟು ಏರುತ್ತದೆ ಅಂತ ನೋಡುವುದು. 96 ಬಾವಿಗೆ ಸುಮಾರು 0.1 ಮಿಲಿಗ್ರಾಂ ಪ್ರೋಟೀನ್ ಸಾಕು. ಅಂಟುತ್ತದಾ ಇಲ್ಲವಾ ಅನ್ನೋದಕ್ಕೆ ಚೆನ್ನಾಗಿದೆ. 5 ಡಿಗ್ರಿ ಏರಿದ ಅಣು 3 ಡಿಗ್ರಿ ಏರಿದ್ದಕ್ಕಿಂತ ಬಿಗಿ ಅಂತ ಕಣ್ಣುಮುಚ್ಚಿ ಹೇಳಲು ಆಗುವುದಿಲ್ಲ, ಏರಿಕೆ ಎಂಥಾಲ್ಪಿಯ ಮೇಲೂ ನಿಂತಿದೆ. ಡಿಟರ್ಜೆಂಟಿನಲ್ಲಿರುವ ಪ್ರೋಟೀನಿಗೆ ಈ ಬಣ್ಣ ಬೇಡ, ಅದು ಡಿಟರ್ಜೆಂಟಿಗೇ ಅಂಟಿ ಹೊಳೆಯುತ್ತದೆ.

ಪೊರೆಯಲ್ಲಿರುವ ರಿಸೆಪ್ಟರ್ ಆದರೆ

ಜಿಪಿಸಿಆರ್ (ಮೇಲೆ ಹೇಳಿದ ಮಸ್ಕರಿನಿಕ್ ರಿಸೆಪ್ಟರ್ ಸೇರುವ ಗುಂಪು) ಥರದ ಪ್ರೋಟೀನನ್ನು ಪೊರೆಯಿಂದ ಕಿತ್ತು ಶುದ್ಧ ಮಾಡುವುದೇ ಒಂದು ಪಿಎಚ್‌ಡಿ. ಅದಕ್ಕೇ ಹಳೆಯ ರೇಡಿಯೊಲಿಗ್ಯಾಂಡ್ ವಿಧಾನ ಇನ್ನೂ ಉಳಿದಿದೆ. ಪೊರೆಯ ಚೂರುಗಳಿಗೆ ವಿಕಿರಣ ಸೂಸುವ ಟ್ರಿಟಿಯಂ ಅಥವಾ ಅಯೋಡಿನ್-125 ಇರುವ ಅಣು ಸೇರಿಸಿ, ಸೋಸಿ, ಎಣಿಸುವುದು. ರಿಸೆಪ್ಟರ್ ತನ್ನ ಜಾಗದಲ್ಲೇ ಇರುತ್ತದೆ. ಪಿಕೊಮೋಲಾರ್ ಹಿಡಿತವನ್ನೂ ಅಳೆಯಬಹುದು, ಬಿಡುವ ವೇಗವನ್ನೂ ನೋಡಬಹುದು. ಟಯೋಟ್ರೋಪಿಯಂನ ಆ ಗುಣ ತಿಳಿದದ್ದು ಇಂಥ ಪ್ರಯೋಗಗಳಿಂದಲೇ. ನಮ್ಮಲ್ಲಿ ಇದಕ್ಕೆ ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಅನುಮತಿ, ವಿಕಿರಣ ಸುರಕ್ಷತೆಯ ವ್ಯವಸ್ಥೆ, ತ್ಯಾಜ್ಯದ ಲೆಕ್ಕ ಎಲ್ಲ ಬೇಕು. ಇವೆಲ್ಲ ಈಗಾಗಲೇ ಇರುವ ಲ್ಯಾಬಿನ ಜೊತೆ ಸೇರಿ ಮಾಡುವುದು ಒಳ್ಳೆಯದು.

ಡಾಕಿಂಗ್ ಸ್ಕೋರ್ (ಅಣು ಪ್ರೋಟೀನಿಗೆ ಹೇಗೆ ಕೂರುತ್ತದೆ ಅಂತ ಕಂಪ್ಯೂಟರ್ ಹಾಕುವ ಅಂದಾಜು) ಸಾಕಲ್ವಾ ಅಂತಲೂ ಕೇಳುತ್ತಾರೆ. ಸಾಲದು. ಯಾವ ಅಣುವನ್ನು ಮೊದಲು ಕೊಳ್ಳಬೇಕು ಅಂತ ತೀರ್ಮಾನಿಸಲು ಅದು ನೆರವಾಗುತ್ತದೆ. ಅದು ಅಳತೆ ಅಲ್ಲ. 25 ಡಿಗ್ರಿಯಲ್ಲಿ ಕೆಡಿ ಹತ್ತು ಪಟ್ಟು ಬದಲಾಗಲು ಮೋಲ್‌ಗೆ ಬರೀ 1.4 ಕಿಲೋಕ್ಯಾಲರಿ ಶಕ್ತಿಯ ವ್ಯತ್ಯಾಸ ಸಾಕು. ಡಾಕಿಂಗ್‌ನ ತಪ್ಪು ಅಷ್ಟಂತೂ ಸುಲಭವಾಗಿ ಆಗುತ್ತದೆ.

ಹಾಗಾದರೆ ಯಾರು ಎಲ್ಲಿಗೆ?

ಎಂ.ಎಸ್ಸಿ. ಪ್ರಾಜೆಕ್ಟ್, ಕೈಯಲ್ಲಿ ದುಡ್ಡಿಲ್ಲ, ಇಪ್ಪತ್ತು ಅಣು ಇವೆ: ಥರ್ಮಲ್ ಶಿಫ್ಟ್‌ನಲ್ಲಿ ಎಲ್ಲವನ್ನೂ ನೋಡಿ, ಚೆನ್ನಾಗಿ ಕಂಡ ಎರಡು ಮೂರನ್ನು ಮಾತ್ರ ಹೊರಗಡೆ ಐಟಿಸಿಗೆ ಕಳಿಸಿ. ಈ ಜೋಡಿ ನನಗೆ ತುಂಬಾ ಇಷ್ಟ. ಖರ್ಚು ಕಡಿಮೆ, ಎರಡು ವಿಧಾನಗಳೂ ಪೂರ್ತಿ ಬೇರೆ ಬೇರೆ ಆದ್ದರಿಂದ ಒಂದರ ಮೋಸ ಇನ್ನೊಂದರಲ್ಲಿ ಬಯಲಾಗುತ್ತದೆ.

ಒಂದೇ ಸರಣಿಯ ಅಣುಗಳನ್ನು ತಿಂಗಳುಗಟ್ಟಲೆ ತಿದ್ದುತ್ತಾ ಹೋಗುವ ಕಂಪನಿಯವರು ಎಫ್‌ಪಿ ಕಟ್ಟಿಕೊಂಡು, ಮುಖ್ಯ ಅಣುಗಳಿಗೆ ಎಸ್‌ಪಿಆರ್ ಇಟ್ಟುಕೊಳ್ಳಲಿ. ಪ್ರೋಟೀನ್ ಮೈಕ್ರೊಗ್ರಾಂ ಲೆಕ್ಕದಲ್ಲಿದ್ದು, ಕೆಡಿ ಮಾತ್ರ ಬೇಕಾದರೆ ಎಂಎಸ್‌ಟಿ. ಮಿಲಿಮೋಲಾರ್ ಹಿಡಿತದ ಫ್ರಾಗ್ಮೆಂಟ್ (ತುಂಬಾ ಚಿಕ್ಕ, ಸಡಿಲವಾಗಿ ಅಂಟುವ ಅಣು) ಆದರೆ ಮೇಲಿನ ಹೆಚ್ಚಿನವು ತಡವರಿಸುತ್ತವೆ, ಎನ್‌ಎಂಆರ್ ಮಾಡುವವರ ಬಾಗಿಲು ತಟ್ಟಿ.

ಯಂತ್ರ ಕೊಳ್ಳಲೇಬೇಕು ಅಂತ ಇಲ್ಲ. ಬೆಂಗಳೂರಿನ ಸಿ-ಕ್ಯಾಂಪ್ ಥರದ ಸಂಸ್ಥೆಗಳು ಹೊರಗಿನವರಿಗೂ ಇಂಥ ಸೌಲಭ್ಯ ಕೊಡುತ್ತವೆ. 2020ರ ಜನವರಿಯಲ್ಲಿ ಶುರುವಾದ ಕೇಂದ್ರ ಸರ್ಕಾರದ ಐ-ಸ್ಟೆಮ್ ಪೋರ್ಟಲ್‌ನಲ್ಲಿ ದೇಶದ ಯಾವ ಸಂಸ್ಥೆಯಲ್ಲಿ ಯಾವ ಉಪಕರಣ ಇದೆ ಅಂತ ಹುಡುಕಿ ಬುಕ್ ಮಾಡಬಹುದು. ಹುಬ್ಬಳ್ಳಿ, ಮಂಗಳೂರು, ಕಲಬುರಗಿಯ ಕಾಲೇಜುಗಳಲ್ಲಿ ಇರುವವರಿಗೆ ಇದು ದೊಡ್ಡ ಅನುಕೂಲ.

ಬುಕ್ ಮಾಡುವಾಗ ಸುಮ್ನೆ "ಒಂದು ಐಟಿಸಿ ಬೇಕು" ಅಂತ ಬರೆಯಬೇಡಿ. ಪ್ರೋಟೀನಿನ ತೂಕ, ಸಾಂದ್ರತೆ ಮತ್ತು ಅದನ್ನು ಹೇಗೆ ಅಳೆದಿರಿ, ಪೂರ್ತಿ ಬಫರ್, ಡಿಎಂಎಸ್‌ಒ ಶೇಕಡಾ ಎಷ್ಟು, ಔಷಧ ಎಷ್ಟರವರೆಗೆ ಕರಗುತ್ತದೆ, ನಿಮ್ಮ ಅಂದಾಜಿನ ಕೆಡಿ ಎಷ್ಟು, ಇಷ್ಟನ್ನೂ ಬರೆಯಿರಿ. ಅದೇ ಡಯಾಲಿಸಿಸ್ ಬಫರನ್ನು 50 ಮಿಲಿಲೀಟರ್ ಜೊತೆಗೆ ಕಳಿಸಿ. ನಿಮ್ಮ ಸ್ಯಾಂಪಲಿಗಿಂತ ಮೊದಲು ಕಾರ್ಬಾನಿಕ್ ಆನ್‌ಹೈಡ್ರೇಸ್ ಜೊತೆ ಗೊತ್ತಿರುವ ಒಂದು ಅಣು ಓಡಿಸಿ ತೋರಿಸಿ ಅಂತ ಕೇಳಿ. ಐಟಿಸಿಗೆ ಅಸೆಟಜೋಲಮೈಡ್‌ಗಿಂತ ಸುಮಾರು 1 ಮೈಕ್ರೊಮೋಲಾರ್ ಕೆಡಿಯ ಕಾರ್ಬಾಕ್ಸಿಬೆಂಜೀನ್ ಸಲ್ಫೋನಮೈಡ್ ಒಳ್ಳೆಯದು, ಸಿ ಸಂಖ್ಯೆ ಸರಿಯಾದ ಜಾಗದಲ್ಲಿ ಬೀಳುತ್ತದೆ. ಆ ಸಂಖ್ಯೆಯೇ ಸರಿಯಾಗಿ ಬರದಿದ್ದರೆ, ನಿಮ್ಮ ಪ್ರೋಟೀನನ್ನು ಫ್ರೀಜರಿನಿಂದ ಹೊರಗೆ ತೆಗೆಯಬೇಡಿ.